ಅಬ್ಬಿಯ ಹೆಸರಿನ ಲೈಸೆನ್ಸ್

ನಾನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಂದಕ್ಷರ ಬಿಡದೆ ಓದಿದ ಮೊದಲ ಇಂಗ್ಲಿಷ್ ಬರಹ ಕತೆಯೂ ಅಲ್ಲ, ಕಾದಂಬರಿಯೂ ಅಲ್ಲ. ಅದು ಒಂದು ಸಾಫ್ಟ್‌ವೇರಿನ ಲೈಸೆನ್ಸ್ ಕರಾರು. ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು, ಗೊತ್ತಿಲ್ಲದ ಪದದ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆಯುತ್ತ ಆರು ದಿನ ಓದಿದೆ. ‘ಒಪ್ಪಿದೆ’ ಎನ್ನುವ ಗುಂಡಿ ಒತ್ತಿದರೆ ಮುಗಿಯುವ ಕೆಲಸಕ್ಕೆ ಇವಳಿಗೆ ಯಾಕೆ ಈ ಉಸಾಬರಿ ಎಂದು ಶಾಲೆಯಲ್ಲಿ ಎಲ್ಲರೂ ನಕ್ಕರು. ಚಿಕ್ಕಂದಿನಿಂದ ಇರುವ ಚಾಳಿ ಅದು. ಬಸ್ ಟಿಕೆಟಿನ ಹಿಂಬದಿ, ಔಷಧಿ ಡಬ್ಬಿಯೊಳಗೆ ಮಡಚಿಟ್ಟ ಕಾಗದ, ಬ್ಯಾಂಕಿನ ಫಾರಮ್ಮಿನ ತಳದಲ್ಲಿ ಇರುವೆ ಸಾಲಿನಂತೆ ಹೋಗುವ ಅಕ್ಷರಗಳು, ಯಾವುದನ್ನೂ ನಾನು ಬಿಟ್ಟವಳಲ್ಲ.

೧೯೯೭ರಲ್ಲಿ ನಾನು ಕುಂದಾಪುರದ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿಸುವವಳಾಗಿ ಸೇರಿದೆ. ಮಹಡಿಯ ಮೇಲಿನ ಉದ್ದನೆ ಕೋಣೆ, ಹದಿನಾಲ್ಕು ಮೆಷಿನ್ನು. ಬೆಳಿಗ್ಗೆ ಏಳಕ್ಕೆ ಶುರುವಾದ ಟಕಟಕ ಸಂಜೆಯವರೆಗೆ ನಿಲ್ಲುತ್ತಿರಲಿಲ್ಲ. ತಲ್ಲೂರಿನ ನಮ್ಮ ಮನೆಗೆ ಬಂದು ಊಟಕ್ಕೆ ಕೂತರೂ ಆ ಸದ್ದು ಕಿವಿಯಲ್ಲಿ ಉಳಿದಿರುತ್ತಿತ್ತು. ಟೈಪ್‌ರೈಟರ್ ಎಂಬುದು ಬಹಳ ಮರ್ಯಾದೆಯ ಯಂತ್ರ. ಕೊಂಡವರದ್ದು ಅದು, ಒತ್ತಿದವರ ಮಾತು ಕೇಳುತ್ತದೆ. ನೀನು ಯಾರು, ಯಾವ ಊರು, ನಿನಗೆ ಯಾರು ಅನುಮತಿ ಕೊಟ್ಟರು ಎಂದು ಅದು ಯಾರನ್ನೂ ಕೇಳುವುದಿಲ್ಲ. ಆರೇಳು ವರ್ಷದಲ್ಲಿ ಕಲಿಯಲು ಬರುವವರೇ ಇಲ್ಲವಾದರು. ಮೆಷಿನ್ನುಗಳು ಗುಜರಿಗೆ ಹೋದವು, ನಾನು ಮನೆಗೆ ಹೋದೆ. ಆ ದಿನ ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ನನ್ನನ್ನು ಮನೆಗೆ ಕಳಿಸಿದ ಕಂಪ್ಯೂಟರ್ ಎಂಬುದು ಎಂಥದ್ದು ನೋಡಿಯೇ ಬಿಡುತ್ತೇನೆ ಎಂದು ಮರುವಾರವೇ ಅದರ ಕ್ಲಾಸಿಗೆ ಸೇರಿದೆ.

ಅದನ್ನು ಕಲಿತದ್ದರಿಂದ ಬೈಂದೂರಿನ ಆಚೆ, ಯಡ್ತರೆಯಿಂದ ಸ್ವಲ್ಪ ಒಳಗಿದ್ದ ಒಂದು ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿತು. ಆಡಳಿತ ಸಮಿತಿಯವರು ಕೊಡುವ ಗೌರವಧನದ ಕೆಲಸ. ಹೆಡ್ಮಾಸ್ಟರು "ನಾಳೆಯಿಂದ ಬನ್ನಿ" ಅಂದರು, ನಾನು ಮರುದಿನದಿಂದ ಹೋದೆ, ಅಷ್ಟೆ. ತಲ್ಲೂರಿನಲ್ಲಿ ಬಸ್ ಹತ್ತಿದರೆ ಬೈಂದೂರು, ಅಲ್ಲಿಂದ ಇನ್ನೊಂದು ಬಸ್, ಆಮೇಲೆ ನಡಿಗೆ. ಮನೆಯಲ್ಲಿ ನಾನು, ಅಮ್ಮ. ದುಡಿಯುವವಳು ನಾನೊಬ್ಬಳೇ.

ಶಾಲೆಯಲ್ಲಿ ಎರಡು ಹಳೆಯ ಕಂಪ್ಯೂಟರುಗಳಿದ್ದವು. ಒಂದು ತರಗತಿಯಲ್ಲಿ ನಲವತ್ತು ಮಕ್ಕಳು. ಮೌಸ್ ಮುಟ್ಟುವ ಸರದಿ ಒಬ್ಬೊಬ್ಬರಿಗೆ ವಾರಕ್ಕೊಮ್ಮೆ ಬರುತ್ತಿತ್ತು. ಹೀಗಿರುವಾಗ ಮುಂಬೈಯಲ್ಲಿ ಹೋಟೆಲ್ ಇಟ್ಟುಕೊಂಡಿದ್ದ ನಮ್ಮೂರ ಕಡೆಯ ದಾನಿಯೊಬ್ಬರು ಮಕ್ಕಳಿಗೆ ಕಂಪ್ಯೂಟರ್ ಕೋಣೆ ಮಾಡಿಸಿ ಕೊಡುತ್ತೇನೆ ಅಂದರು. ಅವರು ಓದಿದ್ದು ನಾಲ್ಕನೆಯ ಇಯತ್ತೆ. ಅವರದ್ದು ಒಂದೇ ಒಂದು ಷರತ್ತು: ಹೆಸರು ಹಾಕುವಲ್ಲೆಲ್ಲ ತೀರಿಹೋದ ಅವರ ಅಬ್ಬಿಯ, ಅಂದರೆ ತಾಯಿಯ, ಹೆಸರು ಹಾಕಬೇಕು.

ನಮ್ಮ ಕಡೆ ಇದೇನೂ ಹೊಸದಲ್ಲ. ನಮ್ಮ ಶಾಲೆ, ದೇವಸ್ಥಾನ, ಬಸ್ ಸ್ಟ್ಯಾಂಡು, ಎಲ್ಲಿಗೆ ಹೋದರೂ ‘ಕೊಡುಗೆ’ ಎಂಬ ಪದ ಇಲ್ಲದ ವಸ್ತು ಸಿಗುವುದು ಕಷ್ಟ. ನಮ್ಮ ಶಾಲೆಯ ಫ್ಯಾನಿನ ಮೂರು ರೆಕ್ಕೆಗಳಿಗೂ ಕೊಟ್ಟವರ ಹೆಸರಿತ್ತು. ಫ್ಯಾನ್ ತಿರುಗುವಾಗ ಓದಲಾಗದು, ಕರೆಂಟ್ ಹೋದಾಗ ಓದಬಹುದು. ಗೋಡೆ ಗಡಿಯಾರದಲ್ಲಿ ಅಂಕೆಗಳಿಗಿಂತ ದಾನಿಯ ಹೆಸರು ದಪ್ಪ. ಟ್ಯೂಬ್‌ಲೈಟಿನ ಪಟ್ಟಿಯ ಮೇಲೆ ಎಷ್ಟು ಬರೆದಿದ್ದರೆಂದರೆ ಬೆಳಕಿಗೆ ಹೊರಬರಲು ಜಾಗವೇ ಉಳಿದಿರಲಿಲ್ಲ. ಹೊಸಬರಿಗೆ ನಗು ಬರಬಹುದು. ಆದರೆ ಕೊಟ್ಟವರ ಹೆಸರು ಹಾಕದೆ ಬಿಡುವುದು ನಮ್ಮಲ್ಲಿ ಉಂಡ ಮನೆಗೆ ಎರಡು ಬಗೆದಷ್ಟೇ ತಪ್ಪು.

ಹತ್ತು ಕಂಪ್ಯೂಟರ್ ಬರುತ್ತವೆ ಎಂದು ನಾನು ಕಾದಿದ್ದೆ. ಬಂದದ್ದು ಒಂದು. ಜೊತೆಗೆ ಹತ್ತು ಪರದೆ, ಹತ್ತು ಕೀಬೋರ್ಡು, ಹತ್ತು ಮೌಸು ಮತ್ತು ಟಿಫಿನ್ ಡಬ್ಬಿ ಗಾತ್ರದ ಹತ್ತು ಪೆಟ್ಟಿಗೆ. ಕುಂದಾಪುರದ ಡೀಲರು ಎಲ್ಲವನ್ನೂ ಜೋಡಿಸಿ ಗುಂಡಿ ಒತ್ತಿದರು. ಹತ್ತು ಪರದೆಗಳಲ್ಲೂ ಬೇರೆ ಬೇರೆ ಕಂಪ್ಯೂಟರ್ ಎದ್ದು ಕೂತಿತು. ಒಂದರಲ್ಲಿ ಚಿತ್ರ ಬಿಡಿಸಿದರೆ ಇನ್ನೊಂದಕ್ಕೆ ಸುದ್ದಿಯಿಲ್ಲ. ನಡುವಿನ ದೊಡ್ಡ ಕಂಪ್ಯೂಟರಿನ ಶಕ್ತಿಯನ್ನು ಒಂದು ಸಾಫ್ಟ್‌ವೇರ್ ಹತ್ತು ಪಾಲು ಮಾಡಿ ಹಂಚುತ್ತದೆ, ಒಂದೇ ಕೊಪ್ಪರಿಗೆಯ ಅನ್ನವನ್ನು ಹತ್ತು ಎಲೆಗೆ ಬಡಿಸಿದ ಹಾಗೆ. ಆ ಸಾಫ್ಟ್‌ವೇರು ಪೆಟ್ಟಿಗೆಗಳ ಜೊತೆಯಲ್ಲೇ ಒಂದು ಕಟ್ಟಾಗಿ ಬಂದಿತ್ತು, ಬೇರೆ ಕೊಳ್ಳಬೇಕಾಗಿರಲಿಲ್ಲ.

ಡೀಲರು ಹೋದ ಕೂಡಲೇ ನಾನು ಒಂದು ಪೆಟ್ಟಿಗೆಯ ಸ್ಕ್ರೂ ಬಿಚ್ಚಿ ಒಳಗೆ ನೋಡಿದೆ. ಹಸಿರು ಹಲಗೆಯ ಒಂದು ತುಂಡು, ಅದರ ಮೇಲೆ ನಾಲ್ಕು ಕಪ್ಪು ಚೌಕ, ಮತ್ತೆಲ್ಲ ಖಾಲಿ. ಹಾಗಾದರೆ ಇಷ್ಟು ಹೊತ್ತು ಎಂಟನೆಯ ತರಗತಿಯ ಹುಡುಗಿ ತೆಂಗಿನಮರದ ಚಿತ್ರ ಬಿಡಿಸಿದ ಕಂಪ್ಯೂಟರ್ ಎಲ್ಲಿತ್ತು? ಇತ್ತೋ, ಇರಲಿಲ್ಲವೋ? ಬಸ್ಸಿನಲ್ಲಿ ಮನೆಗೆ ಬರುವಾಗ ಅದನ್ನೇ ಯೋಚಿಸುತ್ತ ತಲ್ಲೂರಿನಲ್ಲಿ ಇಳಿಯಲು ಮರೆತು ಕುಂದಾಪುರಕ್ಕೆ ಹೋಗಿಬಿಟ್ಟೆ.

ಮರುದಿನ ಪರದೆಗಳ ಮೂಲೆಯಲ್ಲಿ ಒಂದು ಪುಟ್ಟ ಚೌಕ ಕಾಣಿಸಿಕೊಂಡಿತು. ಈ ಸಾಫ್ಟ್‌ವೇರಿನ ನೋಂದಣಿ ಆಗಿಲ್ಲ, ಇನ್ನು ಇಪ್ಪತ್ತೊಂಬತ್ತು ದಿನ ಮಾತ್ರ ನಡೆಯುತ್ತದೆ ಎಂದು ಅದರಲ್ಲಿತ್ತು. ಡೀಲರಿಗೆ ಫೋನ್ ಮಾಡಿದೆ. ಕರಾರಿಗೆ ಒಪ್ಪಬೇಕು, ಸಂಸ್ಥೆಯ ಹೆಸರು ಕೊಟ್ಟು ನೋಂದಣಿ ಮಾಡಬೇಕು, ಆಮೇಲೆ ಚಾಲನೆಗೆ ಒಂದು ಸಂಕೇತ ಬರುತ್ತದೆ ಎಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ನೆನಪಾಯಿತು. ಮಕ್ಕಳಿಗೆ ಮಾತ್ರ ಆ ಚೌಕ ಬಹಳ ಇಷ್ಟವಾಯಿತು. ದಿನಾ ಬೆಳಿಗ್ಗೆ ಓಡಿ ಬಂದು ಇವತ್ತು ಎಷ್ಟು ಉಳಿಯಿತು ಎಂದು ನೋಡುತ್ತಿದ್ದವು.

ಹೀಗೆ ನಾನು ಆ ಕರಾರನ್ನು ಮುದ್ರಿಸಿಕೊಂಡು ಓದಲು ಕೂತದ್ದು. ನಾನು ತಿಳಿದದ್ದು ನಾವು ಸಾಫ್ಟ್‌ವೇರ್ ಕೊಂಡಿದ್ದೇವೆ ಎಂದು. ಓದುತ್ತ ಹೋದ ಹಾಗೆ ಗೊತ್ತಾಯಿತು, ನಾವು ಕೊಂಡದ್ದು ಅದನ್ನು ಬಳಸುವ ಅನುಮತಿಯನ್ನು ಮಾತ್ರ. ವಸ್ತು ಅವರದ್ದೇ. ನಮ್ಮ ಕೋಣೆಯಲ್ಲಿ, ನಮ್ಮ ಕರೆಂಟಿನಲ್ಲಿ ಓಡುವ ಒಂದು ವಸ್ತು ನಮ್ಮದಲ್ಲ! ಇದನ್ನು ನಾನು ಶಾಲೆಯ ಗುಮಾಸ್ತರಿಗೆ ಹೇಳಿದೆ. ನಿವೃತ್ತಿಗೆ ಹತ್ತಿರವಾಗಿದ್ದ, ಬೇಸಾಯದ ಮನೆಯ ಮನುಷ್ಯ. ಅವರು ಸುಣ್ಣ ಹಚ್ಚುತ್ತಿದ್ದ ವೀಳ್ಯದೆಲೆಯಿಂದ ತಲೆಯನ್ನೇ ಎತ್ತಲಿಲ್ಲ.

"ಅದ್ರಂಗೆ ಎಂತ ಆಶ್ಚರ್ಯ ಟೀಚರ್? ಇದ್ ಗೇಣಿ ಅಲ್ದಾ? ಗದ್ದಿ ಧಣಿದ್, ಗೆಯ್ಯೂದ್ ನೀವ್. ವರ್ಷ ವರ್ಷ ಹೊಸ್ತ್ ಮಾಡ್ಸೂಕಿತ್ತಾ?"

"ಇಲ್ಲೆ. ಒಂದ್ ಸಲ ಮಾಡ್ರೆ ಸಾಕಂಬ್ರ್."

"ಹಾಂಗಾರೆ ಚಾಲಗೇಣಿ ಅಲ್ಲ, ಮೂಲಗೇಣಿ. ಒಳ್ಳೇದೇ ಆಯ್ತ್."

ವರ್ಷಕ್ಕೊಮ್ಮೆ ಬಿಡಿಸಬಹುದಾದ ಚಾಲಗೇಣಿ, ತಲೆತಲಾಂತರಕ್ಕೆ ನಡೆಯುವ ಮೂಲಗೇಣಿ. ನಿಘಂಟು ಆರು ದಿನದಲ್ಲಿ ಹೇಳಲಾಗದ್ದನ್ನು ಗುಮಾಸ್ತರು ಎಲೆ ಮಡಚುವಷ್ಟರಲ್ಲಿ ಹೇಳಿದರು. ನನಗೆ ಖುಷಿಯಾಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ನೋಂದಣಿಯ ಫಾರಮ್ಮಿನಲ್ಲಿ ಮೊದಲ ಸಾಲೇ ಸಂಸ್ಥೆಯ ಹೆಸರು. ನಾನು ಶಾಲೆಯ ಹೆಸರನ್ನು ಟೈಪ್ ಮಾಡಲು ಹೊರಟಿದ್ದೆ. ಹಿಂದೆ ನಿಂತಿದ್ದ ಹೆಡ್ಮಾಸ್ಟರು ತಡೆದರು.

"ಹ್ವಾಯ್ ಟೀಚರ್, ಎಂತ ಮಾಡ್ತ್ರಿ? ದಾನಿಗಳ್ ಎಂತ ಹೇಳೀರ್? ಹೆಸ್ರ್ ಹಾಕುವಲ್ಲೆಲ್ಲ ಅಬ್ಬಿ ಹೆಸ್ರ್ ಹಾಕಿ ಅಂದೀರ್. ಇಲ್ಲಿ ಹೆಸ್ರ್ ಕೇಳ್ತಾ ಇತ್ತ್, ಹಾಕಿ."

"ಸರ್, ಇದ್ ಬಳಸುವವ್ರ ಹೆಸ್ರ್. ಕೊಟ್ಟವ್ರದ್ದಲ್ಲ."

"ಕೊಡ್ದೇ ಇದ್ರೆ ಬಳಸೂದ್ ಎಂತದನ್ನ?"

ಇಡೀ ಶಾಲೆಯಲ್ಲಿ ಆ ಕರಾರನ್ನು ಓದಿದ್ದವಳು ನಾನೊಬ್ಬಳೇ. ಲೈಸೆನ್ಸ್ ಯಾವ ಸಂಸ್ಥೆಯ ಹೆಸರಲ್ಲಿದೆಯೋ ಆ ಸಂಸ್ಥೆಗೆ ಮಾತ್ರ ಹಕ್ಕು ಎಂಬ ಸಾಲಿನ ಕೆಳಗೆ ನಾನೇ ಪೆನ್ಸಿಲಿನ ಗೆರೆ ಎಳೆದಿದ್ದೆ. ಆದರೂ ಟೈಪ್ ಮಾಡಿದೆ. ಹೆಡ್ಮಾಸ್ಟರ ಮೇಲೆ ತಪ್ಪು ಹೊರಿಸುವುದು ಸುಲಭ, ನಿಜ ಹೇಳಬೇಕೆಂದರೆ ನನಗೂ ಅದು ಚಂದ ಕಂಡಿತ್ತು. ಅಕ್ಷರವೇ ಬಾರದಿದ್ದ ಒಬ್ಬ ಹೆಂಗಸಿನ ಹೆಸರು ಕಂಪ್ಯೂಟರಿನೊಳಗೆ ಹೋಗುತ್ತದೆ ಎಂದರೆ ಯಾರಿಗೆ ಬೇಡ ಅನ್ನಿಸುತ್ತದೆ?

ಆಗ ಶಾಲೆಯಲ್ಲಿ ಇಂಟರ್‌ನೆಟ್ ಇರಲಿಲ್ಲ. ಕಂಪ್ಯೂಟರ್ ಒಂದು ಉದ್ದದ ಸಂಕೇತ ಕೊಡುತ್ತದೆ. ಅದನ್ನು ಕಾಗದದಲ್ಲಿ ಬರೆದುಕೊಂಡು ಬೈಂದೂರಿನ ಸೈಬರ್ ಕೆಫೆಗೆ ಹೋಗಿ ಕಂಪೆನಿಯ ವೆಬ್‌ಸೈಟಿನಲ್ಲಿ ಹಾಕಬೇಕು. ಅಲ್ಲಿ ಇನ್ನೊಂದು ಸಂಕೇತ ಸಿಗುತ್ತದೆ. ಅದನ್ನು ತಂದು ಇಲ್ಲಿ ಹಾಕಬೇಕು. ಮೊದಲ ದಿನ ನಾನು ಬೈಂದೂರಿಗೆ ಹೋಗಿ ಬರುವಷ್ಟರಲ್ಲಿ ಕರೆಂಟ್ ಹೋಗಿ, ಕಂಪ್ಯೂಟರ್ ಆರಿ ಹೊತ್ತಿ, ಸಂಕೇತವೇ ಬದಲಾಗಿತ್ತು. ಎರಡನೆಯ ದಿನ ನಾನು ಬಂದಾಗ ಸಂಕೇತ ಹಾಗೇ ಇತ್ತು, ಆದರೆ ನಾನು ಒಂದಕ್ಷರ ತಪ್ಪಿ ಬರೆದುಕೊಂಡಿದ್ದೆ. ಅದನ್ನು ಹುಡುಕುವಾಗ ಯಾರೋ ಕಸ ಗುಡಿಸುತ್ತ ವಯರಿಗೆ ಕಾಲು ತಾಗಿಸಿ ಕಂಪ್ಯೂಟರ್ ಆರಿಸಿದರು. ಮೂರನೆಯ ದಿನ ಗುಮಾಸ್ತರು ಕುರ್ಚಿ ಹಾಕಿಕೊಂಡು ಬಾಗಿಲಲ್ಲೇ ಕೂತರು. ನಾನು ಬರುವವರೆಗೆ ಒಳಗೆ ಒಂದು ನೊಣವನ್ನೂ ಬಿಡಲಿಲ್ಲವಂತೆ. ಆ ದಿನ ಮಧ್ಯಾಹ್ನ ಮೂಲೆಯ ಚೌಕ ಮಾಯವಾಯಿತು. ಮಕ್ಕಳು ಚಪ್ಪಾಳೆ ತಟ್ಟಿದರು, ಒಂದೆರಡು ಮಕ್ಕಳಿಗೆ ಬೇಜಾರೂ ಆಯಿತು.

ಅಂದಿನಿಂದ ದಿನಾ ಬೆಳಿಗ್ಗೆ ಹತ್ತೂ ಪರದೆಗಳಲ್ಲಿ ‘ಲೈಸೆನ್ಸ್ ಪಡೆದವರು’ ಎಂಬುದರ ಮುಂದೆ ಇಂಗ್ಲಿಷಿನಲ್ಲಿ ಅಬ್ಬಿಯ ಹೆಸರು ಬರುತ್ತಿತ್ತು. ಇವರೇ ಕಂಪ್ಯೂಟರ್ ಕಂಡುಹಿಡಿದದ್ದಾ ಎಂದು ಒಬ್ಬ ಹುಡುಗ ಕೇಳಿದ. ಇವರು ಕಂಡುಹಿಡಿಯಲಿಲ್ಲ, ಇವರ ಮಗ ಕೊಟ್ಟದ್ದು ಎಂದೆ. "ಹಾಂಗಾರೆ ಇವ್ರಿಗೆ ಕಂಪ್ಯೂಟರ್ ಬತ್ತಿತ್ತಾ?" ಎಂದ. ಬರುತ್ತಿರಲಿಲ್ಲ ಎಂದೆ. ಅವನು ಪರದೆಯನ್ನು ಇನ್ನೊಮ್ಮೆ ನೋಡಿ, ಏನೋ ಸರಿ ಇಲ್ಲ ಎನ್ನುವ ಮುಖ ಮಾಡಿ ಹೋದ.

ಎರಡು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ಒಂದು ದಸರಾ ರಜೆಯಲ್ಲಿ ಸಿಡಿಲು ಬಡಿಯಿತು. ನಮ್ಮಲ್ಲಿ ಗುಡುಗಿನ ಮೊದಲ ಸದ್ದಿಗೆ ಪ್ರತಿ ಮನೆಯವರೂ ಓಡಿ ಹೋಗಿ ಟಿವಿಯ ಪಿನ್ನು ಕೀಳುತ್ತಾರೆ. ರಜೆಯಲ್ಲಿ ಶಾಲೆಯ ಪಿನ್ನು ಕೀಳುವವರು ಯಾರು? ಹತ್ತು ಪೆಟ್ಟಿಗೆಗಳೂ ಹೇಗೋ ಬದುಕಿದವು. ನಡುವಿನ ದೊಡ್ಡ ಕಂಪ್ಯೂಟರ್ ಮಾತ್ರ ಕಪ್ಪಾಗಿ ಸುಟ್ಟಿತ್ತು. ಸಮಿತಿಯವರು ಹೊಸ ಕಂಪ್ಯೂಟರ್ ತಂದರು. ನಾನು ಸಾಫ್ಟ್‌ವೇರ್ ಹಾಕಿದೆ. ಲೈಸೆನ್ಸ್ ಬೇರೊಂದು ಕಂಪ್ಯೂಟರಿನಲ್ಲಿ ಬಳಕೆಯಲ್ಲಿದೆ, ಬದಲಾಯಿಸಲು ಕಂಪೆನಿಯನ್ನು ಸಂಪರ್ಕಿಸಿ ಎಂಬ ಸೂಚನೆ ಬಂತು. ಮೂಲೆಯ ಚೌಕವೂ ವಾಪಸು ಬಂತು: ಮೂವತ್ತು ದಿನ.

ಸಹಾಯವಾಣಿಗೆ ಫೋನ್ ಮಾಡಿದೆ. ಬೆಂಗಳೂರಿನ ಹುಡುಗಿ, ಒಳ್ಳೆಯ ಮಾತು. "ಮೇಡಂ, ಲೈಸೆನ್ಸ್ ಯಾವ ಸಂಸ್ಥೆ ಹೆಸರಲ್ಲಿದೆಯೋ ಅವರು ಲೆಟರ್‌ಹೆಡ್‌ನಲ್ಲಿ ಬರೆದು, ಸಹಿ ಮಾಡಿ ಕಳಿಸ್ಬೇಕು" ಎಂದಳು.

"ಅವರು ತೀರಿಕೊಂಡಿದ್ದಾರಲ್ಲ" ಎಂದೆ.

"ಸಂಸ್ಥೆ ತೀರಿಕೊಂಡಿದೆಯಾ ಮೇಡಂ?"

ವಿವರಿಸಿದೆ. ಅವಳಿಗೆ ನಗು ಬಂದಿರಬೇಕು, ಆದರೆ ನಗಲಿಲ್ಲ. ಹಾಗಾದರೆ ಅವರ ವಾರಸುದಾರರು ಲೈಸೆನ್ಸನ್ನು ಶಾಲೆಗೆ ಬಿಟ್ಟುಕೊಡುತ್ತೇವೆ ಎಂದು ಬರೆದು ಕೊಡಲಿ, ಹೆಸರು ಬದಲಾಯಿಸಿ ಹೊಸದಾಗಿ ಚಾಲನೆ ಮಾಡಿಕೊಡುತ್ತೇವೆ ಎಂದಳು.

ಇದನ್ನು ಹೆಡ್ಮಾಸ್ಟರಿಗೆ ಹೇಳಿದಾಗ ಅವರ ಮುಖ ಸಣ್ಣದಾಯಿತು. ದಾನಿಗಳು ಮುಂದಿನ ವರ್ಷ ಶಾಲೆಯ ಮಾಡಿಗೆ ಹೊಸ ಹೆಂಚು ಹಾಕಿಸುತ್ತೇನೆ ಎಂದಿದ್ದರು. ಅಂಥವರ ಬಳಿ ಹೋಗಿ ನಿಮ್ಮ ಅಬ್ಬಿಯ ಹೆಸರು ತೆಗೆಯುತ್ತೇವೆ, ಸಹಿ ಹಾಕಿ ಅನ್ನುವುದು ಹೇಗೆ?

"ಅವ್ರ ಹತ್ರ ಈ ಸುದ್ದಿಯೇ ಎತ್ತುದ್ ಬೇಡ ಟೀಚರ್. ಅಬ್ಬಿ ಹೆಸ್ರಲ್ಲಿ ನೀವೇ ಒಂದ್ ಸಹಿ ಹಾಕಿ ಕಳ್ಸಿ. ಬೆಂಗ್ಳೂರಂಗೆ ಯಾರ್ ಕಾಂತ್ರ್?"

"ಅದ್ ಸಮ ಆತಿಲ್ಲೆ ಸರ್."

ಹೆಡ್ಮಾಸ್ಟರು ಕೆಟ್ಟವರಲ್ಲ. ಅವರು ಕಿಟಕಿಯ ಕಡೆ ನೋಡುತ್ತ, ಹೇಳಲು ಇಷ್ಟವಿಲ್ಲದ್ದನ್ನು ಹೇಳಿದರು. "ಸಮಿತಿ ಅಧ್ಯಕ್ಷರ್ ನಿನ್ನೆ ಕೇಳ್ದ್ರ್. ಲ್ಯಾಬೇ ನಡಿದೆ ಇದ್ರೆ ಲ್ಯಾಬ್ ಟೀಚರ್ ಎಂತಕೆ ಅಂತ. ಈ ಮೂವತ್ತ್ ದಿನ ಕಾಂಬ ಅಂದೀರ್."

ಆ ಮಾತು ಕೇಳಿದ ಮೇಲೆ ಮೂಲೆಯ ಚೌಕ ಎಣಿಸುತ್ತಿದ್ದದ್ದು ಸಾಫ್ಟ್‌ವೇರಿನ ದಿನಗಳನ್ನಲ್ಲ, ನನ್ನ ದಿನಗಳನ್ನು. ಟೈಪಿಂಗ್ ಹೋದಾಗ ನನಗೆ ಮೂವತ್ತೂ ಆಗಿರಲಿಲ್ಲ, ಸಿಟ್ಟು ಮಾಡಿಕೊಳ್ಳುವ ತ್ರಾಣವಿತ್ತು. ಈ ಸಲ ಹೆದರಿಕೆಯಾಯಿತು. ಅಮ್ಮನಿಗೆ ಹೇಳಲಿಲ್ಲ. ಇಪ್ಪತ್ತು ದಿನ ಉಳಿದಾಗ ಒಂದು ಮಧ್ಯಾಹ್ನ, ಮಕ್ಕಳು ಊಟಕ್ಕೆ ಹೋಗಿದ್ದಾಗ, ಹಳೆಯ ಪ್ರಶ್ನೆಪತ್ರಿಕೆಯ ಹಿಂಬದಿಯಲ್ಲಿ ಅಬ್ಬಿಯ ಹೆಸರಿನ ಸಹಿ ಹಾಕಿ ನೋಡಿದೆ. ಒಂದಲ್ಲ, ಏಳೆಂಟು. ಸಹಿ ಹಾಕಲು ಬಾರದವಳ ಸಹಿ ಹೇಗಿರಬಹುದು ಎಂಬ ಕುತೂಹಲವೂ ಅದರಲ್ಲಿ ಇತ್ತೆಂದರೆ ನೀವು ನಂಬಬೇಕು. ಚಂದದ ಅಕ್ಷರವೇ ಬಂತು. ನೋಡಿ ನಾಚಿಕೆಯಾಗಿ ಹರಿದು ಹಾಕಿದೆ.

ದಾನಿಗಳು ಬ್ರಹ್ಮಾವರದಲ್ಲಿ ಅವರ ತಂಗಿಯ ಮನೆಗೆ ಬಂದಿದ್ದಾರೆ ಎಂಬ ಸುದ್ದಿ ಗುಮಾಸ್ತರಿಂದ ಬಂತು. ಯಾರಿಗೂ ಹೇಳದೆ ಒಂದು ದಿನ ರಜೆ ಹಾಕಿ ಬ್ರಹ್ಮಾವರದ ಬಸ್ ಹತ್ತಿದೆ. ಚೀಲದಲ್ಲಿ ನಾನೇ ಟೈಪ್ ಮಾಡಿದ ಒಪ್ಪಿಗೆ ಪತ್ರ, ಪೆನ್ಸಿಲ್ ಗೆರೆಗಳಿದ್ದ ಆ ಕರಾರು. ದಾರಿಯುದ್ದಕ್ಕೂ ಹೇಗೆ ಮಾತು ಶುರುಮಾಡಬೇಕೆಂದು ಜೋಡಿಸಿಕೊಂಡೆ. ಅಲ್ಲಿ ತಲುಪಿದಾಗ ಒಂದೂ ನೆನಪಿಗೆ ಬರಲಿಲ್ಲ.

ಅರವತ್ತರ ಆಸುಪಾಸಿನ ಮನುಷ್ಯ, ಬಿಳಿ ಪಂಚೆ, ಬರಿ ಮೈ, ಹೆಗಲ ಮೇಲೆ ಟವೆಲು. ಜಗಲಿಯಲ್ಲಿ ಕೂತು ತೊಂಡೆಕಾಯಿ ಸೀಳುತ್ತಿದ್ದರು. ತಂಗಿ ಬೇಡವೆಂದರೂ ಕೇಳುತ್ತಿರಲಿಲ್ಲ. ನಾನು ಯಾರೆಂದು ಹೇಳಿದೆ. "ಓಹೋ, ಅಬ್ಬಿ ಕಂಪ್ಯೂಟ್ರಿನ ಟೀಚರಾ? ಬನ್ನಿ, ಕೂಕಣಿ" ಎಂದು ಮಣೆ ಎಳೆದರು. ಬೆಲ್ಲ, ನೀರು ಬಂತು.

ನಾನು ಎಲ್ಲವನ್ನೂ ಹೇಳಿದೆ. ಬಳಸುವವರ ಹೆಸರು ಬರೆಯುವಲ್ಲಿ ಕೊಟ್ಟವರ ಹೆಸರು ಬರೆದದ್ದು, ಈಗ ಬಳಸುವವರಿಗೆ ಹಕ್ಕಿಲ್ಲದೆ ಹೋದದ್ದು, ಅಬ್ಬಿಯ ಹೆಸರು ತೆಗೆಯದೆ ಬೇರೆ ದಾರಿಯಿಲ್ಲದ್ದು. ನಾನೇ ಟೈಪ್ ಮಾಡಿದ್ದು, ತಪ್ಪು ನನ್ನದು ಎಂದೆ. ಅವರು ತೊಂಡೆಕಾಯಿ ಸೀಳುವುದನ್ನು ನಿಲ್ಲಿಸಿದರು. ಇನ್ನು ಬೈಯುತ್ತಾರೆ ಎಂದುಕೊಂಡೆ.

"ನಿಲ್ಲಿ ನಿಲ್ಲಿ. ಇನ್ನೊಂದ್ ಸಲ ಹೇಳಿ" ಎಂದರು. "ಕಾಗ್ದ ಒಬ್ರ ಹೆಸ್ರಂಗ್, ಕೆಲ್ಸ ಮಾಡೂದ್ ಇನ್ನೊಬ್ರ್?"

"ಹೌದ್."

"ಅದಕ್ಕೇ ಮಕ್ಳನ್ನ ಹೊರ್ಗ್ ಹಾಕ್ತ್ರಾ?"

"ಹೌದ್. ಇನ್ನ್ ಹತ್ತೊಂಬತ್ತ್ ದಿನ ಇತ್ತ್."

ಅವರು ಚೂರಿಯನ್ನು ಕೆಳಗಿಟ್ಟರು. ಆಮೇಲೆ ಹೇಳಿದ್ದನ್ನು ನಾನು ಆದಷ್ಟು ಅವರ ಮಾತಿನಲ್ಲೇ ಬರೆಯುತ್ತೇನೆ.

"ನಮ್ಮಪ್ಪಯ್ಯ ಬೇಗ ಹೋದ್ರ್. ಗೇಣಿ ಗದ್ದಿ ಇದ್ದಿತ್ತ್. ಹೆಂಗ್ಸಿನ ಹೆಸ್ರಿಗೆ ಗೇಣಿ ಚೀಟಿ ಬರೆಯೂಕಿಲ್ಲೆ ಅಂದ್ರ್ ಧಣಿಗಳ್. ಹಾಂಗಾಯ್ ದೊಡ್ಡಪ್ಪಯ್ಯನ ಹೆಸ್ರಂಗ್ ಬರ್ಸದ್. ಗೆಯ್ದದ್ದೆಲ್ಲ ಅಬ್ಬಿ. ಹೂಟಿಗೆ ಜನ ಕರ್ಕಂಡ್ ಬಪ್ಪುದ್ ಅಬ್ಬಿ, ನಟ್ಟಿ ನೆಡೂದ್ ಅಬ್ಬಿ, ಗೇಣಿ ಅಕ್ಕಿ ಹೊತ್ಕಂಡ್ ಹೋಯ್ ಅಳ್ದ್ ಕೊಡೂದ್ ಅಬ್ಬಿ. ಹನ್ನೊಂದ್ ವರ್ಷ. ಭೂಮಿ ಕಾನೂನ್ ಬಂತ್ ಕಾಣಿ, ಡಿಕ್ಲರೇಶನ್ ಅರ್ಜಿ ಕೊಟ್ರೆ ಗೇಣಿದಾರ್ರಿಗೇ ಭೂಮಿ ಅಂದ್ರ್. ಚೀಟಿ ಯಾರ್ ಹೆಸ್ರಂಗ್ ಇತ್ತ್? ದೊಡ್ಡಪ್ಪಯ್ಯ ಡಿಕ್ಲರೇಶನ್ ಕೊಟ್ರ್, ಭೂಮಿ ಅವ್ರಿಗಾಯ್ತ್. ಅಬ್ಬಿ ಕೇಳೂಕ್ ಹೋರೆ, ನಿನ್ನ ಹತ್ರ ಕಾಗ್ದ ಇತ್ತಾ ಅಂದ್ರ್."

ಒಳಗಿನಿಂದ ತಂಗಿ ಬಂದು ಬಾಗಿಲಿಗೆ ಒರಗಿ ನಿಂತಿದ್ದರು. ಅವರ ಕಣ್ಣು ತುಂಬಿತ್ತು. ಕುತೂಹಲ, ಕುತೂಹಲ ಎಂದು ಆರು ದಿನ ಕೂತು ನಾನು ಓದಿದ ಕರಾರಿನಲ್ಲಿ ಇದು ಎಲ್ಲಿಯೂ ಇರಲಿಲ್ಲ.

"ಅಬ್ಬಿ ಹೆಸ್ರ್ ತೆಗಿನಿ" ಎಂದರು. "ಇವತ್ತೇ ತೆಗಿನಿ. ಮಕ್ಳ ಗದ್ದಿ ಅಬ್ಬಿ ಹೆಸ್ರಂಗ್ ಇಪ್ಪುಕಾಗ. ಗೊತ್ತಿದ್ರೆ ಅವ್ಳೇ ಬಂದ್ ಬೈತಿದ್ಳ್."

ಕಂಪ್ಯೂಟರ್ ಕೋಣೆಯ ಫ್ಯಾನು, ಗೋಡೆಯಲ್ಲಿ ಕೂರಿಸಿದ ಕಲ್ಲು, ಇವುಗಳ ಮೇಲಿನ ಅಬ್ಬಿಯ ಹೆಸರು ಹಾಗೇ ಇರುತ್ತದೆ ಎಂದು ಸಮಾಧಾನ ಹೇಳಲು ಹೋದೆ. "ಅದ್ ಇರ್ಲಿ. ಫ್ಯಾನಿನ ಮೇಲೆ ಯಾರ್ ಹೆಸ್ರ್ ಇದ್ರೂ ಗಾಳಿ ಎಲ್ಲರಿಗೂ ಬತ್ತ್" ಎಂದರು. ಪತ್ರವನ್ನು ತಂಗಿಯ ಹತ್ತಿರ ಎರಡು ಸಲ ಓದಿಸಿಕೊಂಡರು. ಕೈ ತೊಳೆದು ಬಂದು, ಪಂಚೆಗೆ ಒರೆಸಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದರು.

ನಾನು ಏಳುವಾಗ ಅವರು ಕೇಳಿದರು. "ಟೀಚರ್, ನೀವ್ ಅಲ್ಲಿ ಎಷ್ಟ್ ವರ್ಷ ಆಯ್ತ್?"

"ಐದನೇದ್ ನಡಿತಾ ಇತ್ತ್."

"ನಿಮ್ಗೆ ಕಾಗ್ದ ಕೊಟ್ಟೀರಾ?"

ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಮುಖ ಬಿಸಿಯಾಯಿತು. ನೇಮಕದ ಆದೇಶ ಎಂಬುದನ್ನು ನಾನು ಕಂಡೇ ಇರಲಿಲ್ಲ. ಬಸ್ ಟಿಕೆಟಿನ ಹಿಂಬದಿಯನ್ನೂ ಬಿಡದೆ ಓದುವವಳು, ಐದು ವರ್ಷದಲ್ಲಿ ಒಂದು ದಿನವಾದರೂ ನನ್ನದು ಎಲ್ಲಿದೆ ಎಂದು ಕೇಳಿರಲಿಲ್ಲ.

"ಇಲ್ಲೆ" ಎಂದೆ. "ಬಾಯಿಮಾತ್."

ಸಮಿತಿಯವರಿಗೆ ನಾನೇ ಹೇಳಿಸುತ್ತೇನೆ, ಫೋನ್ ಮಾಡುತ್ತೇನೆ ಎಂದು ಅವರು ಅನ್ನಲಿಲ್ಲ. ಚೂರಿ ಎತ್ತಿಕೊಂಡು ಉಳಿದ ತೊಂಡೆಕಾಯಿಗೆ ಕೈ ಹಾಕಿದರು. ಆಗ ಸ್ವಲ್ಪ ನಿರಾಸೆಯಾದದ್ದು ನಿಜ. ಬಸ್ಸು ಕುಂದಾಪುರ ದಾಟುವಷ್ಟರಲ್ಲಿ, ಅವರು ಹೇಳದೇ ಇದ್ದದ್ದೇ ಒಳ್ಳೆಯದಾಯಿತು ಅನ್ನಿಸಿತು.

ಪತ್ರ ಬೆಂಗಳೂರಿಗೆ ಹೋಯಿತು. ಹನ್ನೊಂದು ದಿನ ಉಳಿದಿದ್ದಾಗ ಶಾಲೆಯ ಹೆಸರಿನಲ್ಲಿ ಹೊಸ ಸಂಕೇತ ಬಂತು. ಈ ಸಲ ಬೈಂದೂರಿಗೆ ಒಂದೇ ಸಲ ಹೋಗಿ ಬಂದೆ. ಹತ್ತು ಪರದೆಗಳಲ್ಲೂ ಶಾಲೆಯ ಹೆಸರು ಬಂದಾಗ ಮಕ್ಕಳು ತಮ್ಮದೇ ಫೋಟೋ ನೋಡಿದ ಹಾಗೆ ಕಿರುಚಿದರು. ಹೆಡ್ಮಾಸ್ಟರು ಬಾಗಿಲಲ್ಲಿ ನಿಂತು ನೋಡಿದರು. ನಾನು ಹೇಳದೆ ಬ್ರಹ್ಮಾವರಕ್ಕೆ ಹೋದದ್ದಕ್ಕೆ ಅವರಿಗೆ ಮುನಿಸಿತ್ತು, ಈಗ ಅದು ಇಳಿದಿತ್ತು.

"ಅಂತೂ ಗೆದ್ರಿ ಟೀಚರ್. ಇನ್ನ್ ಅಧ್ಯಕ್ಷರ್ ಎಂತ ಹೇಳೂಕಿಲ್ಲೆ. ನೀವ್ ಆರಾಮಾಯ್ ಇರಿ."

ನಾನು ಮೇಜಿನ ಡ್ರಾಯರಿನಿಂದ ಒಂದು ಹಾಳೆ ತೆಗೆದು ಅವರ ಕೈಗೆ ಕೊಟ್ಟೆ. ಹಿಂದಿನ ದಿನವೇ ಟೈಪ್ ಮಾಡಿ ಇಟ್ಟಿದ್ದೆ. ಕೆಲಸಕ್ಕೆ ಸೇರಿದ ದಿನಾಂಕ ಬರೆದು, ನೇಮಕದ ಆದೇಶವನ್ನು ಲಿಖಿತವಾಗಿ ಕೊಡಬೇಕೆಂದು ಕೇಳಿದ ನಾಲ್ಕು ಸಾಲು. ಅವರು ನಿಂತಲ್ಲೇ ಓದಿದರು, ತಿರುಗಿ ಮೊದಲಿನಿಂದ ಓದಿದರು.

"ಇದ್ ಎಂತಕೆ ಟೀಚರ್ ಈಗ? ನಮ್ಮ ಮೇಲೆ ನಂಬ್ಕಿ ಇಲ್ಯಾ?"

ನಾನು ಒಂದು ಮಗುವಿನ ಕುರ್ಚಿಯ ಬೆನ್ನನ್ನು ಹಿಡಿದುಕೊಂಡೆ.

"ನಂಬ್ಕಿ ಇತ್ತ್ ಸರ್. ಅದ್ ಐದ್ ವರ್ಷದಿಂದ ಇತ್ತ್. ಇನ್ನ್ ಕಾಗ್ದದಂಗೆ ನನ್ನ ಹೆಸ್ರ್ ಬೇಕ್."